ವೃಷಭಗಿರಿಯ ಬಂಡೆ: ಸಬ್ಬಿನಾಡಿನಲ್ಲಿ ಪಂಪನ ಮನೆತನದ ನೆಲೆಗಳು

ಪಂಪನ ಹೆಸರು ಬಂದೊಡನೆ ಕನ್ನಡ ಓದುಗರ ನೆನಪಿಗೆ ಬರುವ ಊರುಗಳು ಬನವಾಸಿ, ಪುಲಿಗೆರೆ ಮತ್ತು ಅಣ್ಣಿಗೇರಿ. ಬನವಾಸಿಯ ಮೇಲಿನ ಹಂಬಲ ಅವನ ಭಾರತದ ನಾಲ್ಕನೆಯ ಆಶ್ವಾಸದಲ್ಲಿದೆ. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಕಾವ್ಯ ರಚಿಸಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ಅಣ್ಣಿಗೇರಿ ತಾಯಿಯ ಕಡೆಯ ಊರು. ಆದರೆ ಕವಿಗೆ ಆಶ್ರಯವಿತ್ತ ಅರಸನ ರಾಜಧಾನಿ, ಕಾವ್ಯಕ್ಕೆ ಗೌರವವಾಗಿ ದೊರೆತ ಅಗ್ರಹಾರ, ಅವನ ತಮ್ಮ ಬಂಡೆಯ ಮೇಲೆ ಬರೆಸಿದ ವಂಶವೃತ್ತಾಂತ ಇವು ಯಾವುವೂ ಈ ಮೂರು ಊರುಗಳಿಗೆ ಸೇರಿದವಲ್ಲ. ಅವೆಲ್ಲವೂ ಇಂದಿನ ತೆಲಂಗಾಣದ ಕರೀಂನಗರ ಸೀಮೆಯ ಹಳ್ಳಿಗಾಡಿಗೆ ಸಂಬಂಧಿಸಿದವು. ಕನ್ನಡದ ಆದಿಕವಿಯ ಬಾಳಿನ ಬಗೆಗೆ ಕಾವ್ಯದ ಹೊರಗೆ ದೊರೆಯುವ ಅತ್ಯಂತ ಮುಖ್ಯವಾದ ದಾಖಲೆ ತೆಲುಗು ನಾಡಿನ ಒಂದು ಗುಡ್ಡದ ಮೈಮೇಲಿದೆ ಎಂಬುದನ್ನು ಪಂಪನನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿತಿರಬೇಕು.

ಗೋದಾವರಿಯ ದಕ್ಷಿಣಕ್ಕೆ ಹರಡಿರುವ ಈ ಪ್ರದೇಶಕ್ಕೆ ಹತ್ತನೆಯ ಶತಮಾನದಲ್ಲಿ ಸಬ್ಬಿನಾಡು ಎಂಬ ಹೆಸರಿತ್ತು. ಭತ್ತದ ಗದ್ದೆಗಳು, ಕೆರೆಗಳು, ನಡುನಡುವೆ ಒಮ್ಮೆಲೆ ಮೇಲೆದ್ದ ಬೋಳು ಕಲ್ಲುಗುಡ್ಡಗಳು ಇಲ್ಲಿನ ನೆಲದ ಲಕ್ಷಣ. ಹಳೆಯ ಕರೀಂನಗರ ಜಿಲ್ಲೆ 2016ರಲ್ಲಿ ಹಲವು ಜಿಲ್ಲೆಗಳಾಗಿ ಒಡೆದುದರಿಂದ ಇಲ್ಲಿ ಹೇಳುವ ನೆಲೆಗಳು ಈಗ ಬೇರೆ ಬೇರೆ ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಆದರೂ ಒಂದೆರಡು ದಿನಗಳಲ್ಲಿ ನೋಡಿ ಮುಗಿಸಬಹುದಾದಷ್ಟು ಅವು ಹತ್ತಿರ ಹತ್ತಿರದಲ್ಲಿವೆ. ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡ ನಾಡೆಂದು ಕವಿರಾಜಮಾರ್ಗ ಗುರುತಿಸುತ್ತದೆ. ಆ ಮಾತು ಬರಿಯ ಅಭಿಮಾನದ ಉತ್ಪ್ರೇಕ್ಷೆಯಲ್ಲ, ರಾಷ್ಟ್ರಕೂಟರ ಕಾಲದ ಆಡಳಿತ ಮತ್ತು ಸಾಹಿತ್ಯ ವ್ಯವಹಾರಗಳ ವಾಸ್ತವವನ್ನೇ ಅದು ಹೇಳುತ್ತದೆ ಎಂಬುದಕ್ಕೆ ಸಬ್ಬಿನಾಡು ಸಾಕ್ಷಿಯಾಗಿದೆ.

ಇಲ್ಲಿ ಆಳಿದವರು ವೇಮುಲವಾಡದ ಚಾಲುಕ್ಯರು. ರಾಷ್ಟ್ರಕೂಟರ ಮಾಂಡಲಿಕರಾಗಿದ್ದ ಈ ಮನೆತನದ ವಂಶಾವಳಿ ತಿಳಿಯುವುದು ಮುಖ್ಯವಾಗಿ ಎರಡು ಆಕರಗಳಿಂದ. ಒಂದು ಪಂಪನ ವಿಕ್ರಮಾರ್ಜುನ ವಿಜಯದ ಮೊದಲ ಆಶ್ವಾಸ, ಇನ್ನೊಂದು 966ರ ಪರಭಣಿ ತಾಮ್ರಶಾಸನ. ಮೊದಲಿನ ಅರಸ ಯುದ್ಧಮಲ್ಲನು ಬೋದನದಲ್ಲಿ ಎಣ್ಣೆ ತುಂಬಿದ ಬಾವಿಯಲ್ಲಿ ಆನೆಗಳನ್ನು ಮೀಯಿಸಿದನೆಂದು ಪಂಪ ವರ್ಣಿಸುತ್ತಾನೆ. ಆ ಬೋದನವು ಈಗಿನ ನಿಜಾಮಾಬಾದ್ ಜಿಲ್ಲೆಯ ಬೋಧನ್. ಜೈನ ಪುರಾಣದಲ್ಲಿ ಬಾಹುಬಲಿಯ ರಾಜಧಾನಿಯಾದ ಪೌದನಪುರವನ್ನು ವಿದ್ವಾಂಸರು ಇದೇ ಊರಿನೊಂದಿಗೆ ಗುರುತಿಸುವುದುಂಟು. ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಬಿಂಬವನ್ನು ಕಾಣಬೇಕೆಂದು ಚಾವುಂಡರಾಯನ ತಾಯಿ ಬಯಸಿದಳು, ಆ ಬಯಕೆಯೇ ಶ್ರವಣಬೆಳಗೊಳದ ಮೂರ್ತಿಗೆ ಕಾರಣವಾಯಿತು ಎಂಬ ಐತಿಹ್ಯವನ್ನು ನೆನೆದರೆ, ಈ ಸೀಮೆ ಕನ್ನಡ ಜೈನರ ಕಲ್ಪನೆಯಲ್ಲಿ ಪಡೆದಿದ್ದ ಸ್ಥಾನ ತಿಳಿಯುತ್ತದೆ.

ಯುದ್ಧಮಲ್ಲನ ತರುವಾಯದ ಅರಸರಲ್ಲಿ ನಲ್ವತ್ತೆರಡು ಕಾಳಗಗಳನ್ನು ಗೆದ್ದನೆಂದು ಹೆಸರಾದ ಬದ್ದೆಗನೂ, ಉತ್ತರದ ಪ್ರತೀಹಾರ ಮಹೀಪಾಲನನ್ನು ಸೋಲಿಸಿದ ಇಮ್ಮಡಿ ನರಸಿಂಹನೂ ಪ್ರಸಿದ್ಧರು. ನರಸಿಂಹನ ಮಗನೇ ಪಂಪನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿ. ರಾಷ್ಟ್ರಕೂಟ ಚಕ್ರವರ್ತಿ ನಾಲ್ವಡಿ ಗೋವಿಂದನ ವಿರುದ್ಧ ನಿಂತು, ಮುಮ್ಮಡಿ ಅಮೋಘವರ್ಷನು ಪಟ್ಟಕ್ಕೆ ಬರುವುದಕ್ಕೆ ನೆರವಾದವನು ಇವನು. ಮಾಂಡಲಿಕನೊಬ್ಬ ಚಕ್ರವರ್ತಿಯ ಪಟ್ಟವನ್ನೇ ಬದಲಿಸಿದ ಈ ರಾಜಕೀಯ ಘಟನೆ ಇಲ್ಲದಿದ್ದರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಹೋಲಿಸಿ ಕಾವ್ಯ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ವಿಕ್ರಮಾರ್ಜುನ ವಿಜಯವನ್ನು ಸಮಕಾಲೀನ ಚರಿತ್ರೆಯಿಂದ ಬೇರ್ಪಡಿಸಿ ಓದಲಾಗದು.

ಅರಿಕೇಸರಿಯ ರಾಜಧಾನಿಯಾದ ವೇಮುಲವಾಡಕ್ಕೆ ಶಾಸನಗಳಲ್ಲಿ ಲೇಂಬುಲಪಾಟಕವೆಂಬ ಹೆಸರಿದೆ. ಕರೀಂನಗರದಿಂದ ಸುಮಾರು 35 ಕಿಲೋಮೀಟರ್ ದೂರದ ಈ ಊರು ಇಂದು ರಾಜರಾಜೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಹರಕೆ ಹೊತ್ತ ಭಕ್ತರು ಹೋರಿಯನ್ನು ಹಿಡಿದು ಗುಡಿಯನ್ನು ಸುತ್ತಿಸಿ ಕಟ್ಟುವ 'ಕೋಡೆ ಮೊಕ್ಕು' ಇಲ್ಲಿನ ವಿಶೇಷ ಆಚರಣೆ. ದೇವಾಲಯದ ಆವರಣದೊಳಗೇ ಒಂದು ದರ್ಗಾ ಇದೆ. ಸಾವಿರ ವರ್ಷಗಳ ಹಿಂದಿನ ಅರಮನೆಯನ್ನಾಗಲಿ ರಾಜಸಭೆಯನ್ನಾಗಲಿ ಹುಡುಕಿ ಬಂದವರಿಗೆ ಕಾಣುವುದು ಜಾತ್ರೆಯ ಜನಸಂದಣಿ ಮಾತ್ರ. ಆದರೆ ಭೀಮೇಶ್ವರ ದೇವಾಲಯದಂತಹ ಹಳೆಯ ಕಟ್ಟಡಗಳನ್ನು ನಿಧಾನವಾಗಿ ನೋಡುತ್ತ ಹೋದರೆ ಪಂಪನ ಕಾಲದ ಊರಿನ ವಿಸ್ತಾರ ಸ್ವಲ್ಪಮಟ್ಟಿಗೆ ಮನಸ್ಸಿಗೆ ಬರುತ್ತದೆ.

ವೇಮುಲವಾಡದ ಜೈನ ಚರಿತ್ರೆಗೆ ಪರಭಣಿ ತಾಮ್ರಶಾಸನವೇ ಮುಖ್ಯ ಆಧಾರ. ಬದ್ದೆಗನೆಂಬ ಅರಸನು ಲೇಂಬುಲಪಾಟಕದಲ್ಲಿ ಶುಭಧಾಮ ಜಿನಾಲಯವನ್ನು ಕಟ್ಟಿಸಿದನೆಂದೂ, ಅವನ ಮಗ ಮುಮ್ಮಡಿ ಅರಿಕೇಸರಿಯು ಅದರ ಜೀರ್ಣೋದ್ಧಾರ ಮತ್ತು ಪೂಜೆಗಳಿಗಾಗಿ ವನಿಕಟುಪುಲು ಎಂಬ ಗ್ರಾಮವನ್ನು ಸೋಮದೇವಸೂರಿಗೆ ದಾನ ಮಾಡಿದನೆಂದೂ ಅದು ತಿಳಿಸುತ್ತದೆ. ಈ ಬದ್ದೆಗನು ನಲ್ವತ್ತೆರಡು ಕಾಳಗಗಳ ವೀರನಲ್ಲ, ಪಂಪನ ಅರಿಕೇಸರಿಯ ನಂತರದವನು. ದಾನ ಪಡೆದ ಸೋಮದೇವಸೂರಿ ಯಶಸ್ತಿಲಕ ಚಂಪೂ ಮತ್ತು ನೀತಿವಾಕ್ಯಾಮೃತಗಳ ಕರ್ತೃ. ಜನ್ನನ ಯಶೋಧರ ಚರಿತೆಯನ್ನು ಓದಿದ ವಿದ್ಯಾರ್ಥಿಗಳಿಗೆ ಯಶಸ್ತಿಲಕದ ಮಹತ್ವವನ್ನು ಬೇರೆಯಾಗಿ ಹೇಳಬೇಕಿಲ್ಲ. ಅದೇ ಯಶೋಧರನ ಕಥೆಯನ್ನು ಸಂಸ್ಕೃತದಲ್ಲಿ ಬೃಹತ್ ಪ್ರಮಾಣದಲ್ಲಿ ಬೆಳೆಸಿದ ಕೃತಿಯದು.

ಯಶಸ್ತಿಲಕದ ಕೊನೆಯಲ್ಲಿ ಸೋಮದೇವನು ಕಾಲ ಮತ್ತು ಸ್ಥಳ ಎರಡನ್ನೂ ಹೇಳಿದ್ದಾನೆ. ಶಕ 881ರಲ್ಲಿ, ಅಂದರೆ 959ರಲ್ಲಿ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ದಿಗ್ವಿಜಯ ಮುಗಿಸಿ ಮೇಲ್ಪಾಟಿಯಲ್ಲಿ ಬೀಡು ಬಿಟ್ಟಿದ್ದಾಗ, ಅರಿಕೇಸರಿಯ ಹಿರಿಯ ಮಗನ ಆಡಳಿತದ ಗಂಗಧಾರೆಯಲ್ಲಿ ಕೃತಿ ಮುಗಿಯಿತು. ಈ ಗಂಗಧಾರೆಯನ್ನು ಬೇರೆಡೆ ಹುಡುಕಿದವರೂ ಉಂಟು. ಆದರೆ ಕರೀಂನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಜಗಿತ್ಯಾಲದ ದಾರಿಯಲ್ಲಿರುವ ಗಂಗಾಧರ ಎಂಬ ಊರೇ ಅದೆಂಬ ಅಭಿಪ್ರಾಯ ಹೆಚ್ಚು ಸಮಂಜಸವಾಗಿ ತೋರುತ್ತದೆ. ಹೆಸರಿನ ಸಾಮ್ಯದ ಜೊತೆಗೆ, ಅದು ಚಾಲುಕ್ಯರ ರಾಜಧಾನಿಗೆ ಸಮೀಪದಲ್ಲಿದೆ. ಅದಕ್ಕಿಂತ ಮಿಗಿಲಾಗಿ, ಆ ಊರಿನ ಆಸುಪಾಸಿನಲ್ಲೇ ಹತ್ತನೆಯ ಶತಮಾನದ ಒಂದು ಪ್ರಮುಖ ಜೈನ ನೆಲೆಯಿದೆ. ಅದೇ ಕುರ್ಕ್ಯಾಲ ಗ್ರಾಮದ ಬೊಮ್ಮಲಗುಟ್ಟ.

ತೆಲುಗಿನಲ್ಲಿ ಬೊಮ್ಮ ಎಂದರೆ ಗೊಂಬೆ, ಗುಟ್ಟ ಎಂದರೆ ಗುಡ್ಡ. ಬಂಡೆಯ ಮೇಲಿನ ಶಿಲ್ಪಗಳನ್ನು ಕಂಡ ಹಳ್ಳಿಯ ಜನ ಇಟ್ಟ ಹೆಸರಿದು. ಶಾಸನದಲ್ಲಿರುವ ಹೆಸರು ವೃಷಭಗಿರಿ. ಕಡಿದಾದ ಬಂಡೆಯ ಮುಖದಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿ ಯಕ್ಷಿಯನ್ನೂ ಕೊರೆಯಲಾಗಿದೆ. ಚಕ್ರೇಶ್ವರಿ ಮೊದಲ ತೀರ್ಥಂಕರ ವೃಷಭನಾಥನ ಶಾಸನದೇವತೆ. ಗುಡ್ಡದ ಹೆಸರಿಗೂ ಶಿಲ್ಪದ ಆಯ್ಕೆಗೂ ಇರುವ ಸಂಬಂಧ ಇದರಿಂದ ಸ್ಪಷ್ಟವಾಗುತ್ತದೆ. ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. ಇದೇ ವೃಷಭನಾಥನ ಚರಿತೆಯನ್ನು ಪಂಪನು ಶಕ 863ರಲ್ಲಿ, ಅಂದರೆ 941ರಲ್ಲಿ, ಆದಿಪುರಾಣವಾಗಿ ಬರೆದು ಮುಗಿಸಿದ್ದನು. ಅಣ್ಣ ಕಾವ್ಯದಲ್ಲಿ ಆರಾಧಿಸಿದ ಜಿನನ ಬಿಂಬವನ್ನೂ ಯಕ್ಷಿಯನ್ನೂ ತಮ್ಮ ಕಲ್ಲಿನಲ್ಲಿ ಮಾಡಿಸಿದನು.

ಆ ತಮ್ಮನ ಹೆಸರು ಜಿನವಲ್ಲಭ. ಶಿಲ್ಪಗಳ ಕೆಳಗೆ ಅವನು ಬರೆಸಿದ ಶಾಸನ ಹನ್ನೊಂದು ಸಾಲುಗಳದು. ಅದರಲ್ಲಿ ಸಂಸ್ಕೃತ, ಕನ್ನಡ ಮತ್ತು ತೆಲುಗು ಮೂರು ಭಾಷೆಗಳಿವೆ. ಕನ್ನಡ ಭಾಗದಲ್ಲಿ ವಂಶ, ದಾನ ಮತ್ತು ನಿರ್ಮಾಣಗಳ ವಿವರವಿದೆ. ತೆಲುಗಿನಲ್ಲಿ ಕಂದಪದ್ಯಗಳಿದ್ದು, ಜಿನಭವನಗಳನ್ನು ಎತ್ತಿಸುವುದರಲ್ಲಿ, ಜಿನಪೂಜೆಯಲ್ಲಿ, ಮುನಿಗಳಿಗೆ ದಾನವೀಯುವುದರಲ್ಲಿ ಜಿನವಲ್ಲಭನಿಗೆ ಸಮಾನರಿಲ್ಲವೆಂಬ ಹೊಗಳಿಕೆ ಬರುತ್ತದೆ. ಶಾಸನದಲ್ಲಿ ಕಾಲವನ್ನು ನಮೂದಿಸಿಲ್ಲ. ವಿಕ್ರಮಾರ್ಜುನ ವಿಜಯಕ್ಕೆ ಅಗ್ರಹಾರ ದೊರೆತ ಸಂಗತಿಯನ್ನು ಅದು ಹೇಳುವುದರಿಂದ ಆ ಕಾವ್ಯದ ನಂತರದ್ದೆಂಬುದು ನಿಶ್ಚಯ. ಸುಮಾರು 945ರ ಕಾಲಕ್ಕೆ ಅದನ್ನು ಸೇರಿಸುವುದು ವಾಡಿಕೆ.

ಸಾಹಿತ್ಯ ಚರಿತ್ರೆಗೆ ಈ ಶಾಸನ ಕೊಟ್ಟ ಮೊದಲ ಹೊಸ ವಿಷಯ ಪಂಪನ ತಾಯಿಯ ಹೆಸರು. ಪಂಪನು ತನ್ನ ತಂದೆಯ ಕಡೆಯ ಹಿರಿಯರನ್ನು ಮಾಧವ ಸೋಮಯಾಜಿಯಿಂದ ಮೊದಲುಗೊಂಡು ಹೇಳುತ್ತಾನೆ, ಅಭಿಮಾನಚಂದ್ರ ಮತ್ತು ಕುಮಾರಯ್ಯರ ನಂತರ ತನ್ನ ತಂದೆ ಅಭಿರಾಮದೇವರಾಯನ ಹೆಸರನ್ನು ತರುತ್ತಾನೆ, ಅವನು ಜಿನಧರ್ಮವನ್ನು ಕೈಗೊಂಡುದನ್ನೂ ಅಭಿಮಾನದಿಂದ ಸ್ಮರಿಸುತ್ತಾನೆ. ತಾಯಿಯ ಹೆಸರು ಮಾತ್ರ ಬರುವುದಿಲ್ಲ. ಬಂಡೆಯ ಮೇಲೆ ಅವಳ ಹೆಸರು ಅಬ್ಬಣಬ್ಬೆ ಎಂದಿದೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅವಳು. ಪಂಪನ ಕನ್ನಡದ ಬೇರನ್ನು ಧಾರವಾಡ ಸೀಮೆಗೆ ಜೋಡಿಸುವ ಲಿಖಿತ ಆಧಾರ ಇದೇ.

ಈ ಆಧಾರವನ್ನು ಎಷ್ಟರಮಟ್ಟಿಗೆ ಎಳೆಯಬಹುದೆಂಬುದು ಬೇರೆ ಪ್ರಶ್ನೆ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂದು ಶಾಸನ ಹೇಳುವುದಿಲ್ಲ, ತಾಯಿಯ ಮನೆತನ ಅಲ್ಲಿಯದೆಂದಷ್ಟೇ ಹೇಳುತ್ತದೆ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವ ಸಂಪ್ರದಾಯವನ್ನು ನೆನೆದು ಅಣ್ಣಿಗೇರಿಯನ್ನು ಪಂಪನ ಜನ್ಮಸ್ಥಳವೆಂದು ಊಹಿಸುವುದು ಸಹಜ, ಆ ಊಹೆಗೆ ಬಲವೂ ಇದೆ. ಆದರೆ ಊಹೆಯನ್ನು ಊಹೆಯೆಂದೇ ಹೇಳಬೇಕು. ಪಠ್ಯಗಳಲ್ಲಿ, ಸ್ಪರ್ಧಾ ಪರೀಕ್ಷೆಗಳ ಕೈಪಿಡಿಗಳಲ್ಲಿ ಅದು ನಿರ್ಣಯವಾದ ಸಂಗತಿಯಂತೆ ಅಚ್ಚಾಗುವುದು ಶಾಸನಕ್ಕೆ ಮಾಡುವ ಅಪಚಾರ.

ತಂದೆಯ ಹೆಸರಿನಲ್ಲಿಯೂ ಇಂತಹುದೇ ಎಚ್ಚರ ಬೇಕು. ಕಾವ್ಯದಲ್ಲಿ ಅಭಿರಾಮದೇವರಾಯ ಎಂದಿರುವುದು ಶಾಸನದಲ್ಲಿ ಭೀಮಪಯ್ಯ ಎಂದಾಗಿದೆ. ಹೆಸರುಗಳು ಬೇರೆಯಾದರೂ ಎರಡೂ ಕಡೆ ಅಭಿಮಾನಚಂದ್ರನ ಉಲ್ಲೇಖವಿದೆ. ಮನೆತನದ ಮೂಲ ಎರಡರಲ್ಲಿಯೂ ವೆಂಗಿನಾಡೇ. ಕಾವ್ಯದ ವೆಂಗಿಪೞು ಶಾಸನದಲ್ಲಿ ವಂಗಿಪರ್ರು ಆಗಿ ಬರುತ್ತದೆ. ಆದುದರಿಂದ ಭೀಮಪಯ್ಯ ಎಂಬುದು ಮನೆಯ ಹೆಸರು, ಅಭಿರಾಮದೇವರಾಯ ಎಂಬುದು ಗೌರವದ ಹೆಸರು ಎಂದು ತಿಳಿಯುವುದು ಯುಕ್ತ. ಕವಿ ಕಾವ್ಯಕ್ಕೆ ತಕ್ಕ ಹೆಸರನ್ನು ಬಳಸಿದ, ತಮ್ಮ ಜನ ಕರೆಯುತ್ತಿದ್ದ ಹೆಸರನ್ನು ಬರೆಸಿದ. ಕಾವ್ಯದ ಆತ್ಮವೃತ್ತಾಂತಕ್ಕೂ ಶಾಸನದ ವಂಶಕಥನಕ್ಕೂ ಇರುವ ಉದ್ದೇಶಭೇದವನ್ನು ಗುರುತಿಸಲು ಇಷ್ಟು ಚೊಕ್ಕ ನಿದರ್ಶನ ಬೇರೆ ಸಿಗುವುದು ಕಷ್ಟ.

ಎರಡನೆಯ ವಿಷಯ ಧರ್ಮಪುರದ್ದು. ಭಾರತವನ್ನು ಮೆಚ್ಚಿ ಅರಿಕೇಸರಿಯು ಬಚ್ಚೆಸಾಸಿರದ ಧರ್ಮಪುರವನ್ನು ಅಗ್ರಹಾರವಾಗಿ ಕೊಟ್ಟನೆಂದು ಪಂಪ ಹೇಳುತ್ತಾನೆ. ಆಶ್ರಯದಾತನ ಔದಾರ್ಯವನ್ನು ಕವಿಗಳು ಹೆಚ್ಚಿಸಿ ಹೇಳುವುದು ಸಾಮಾನ್ಯವಾದುದರಿಂದ ಕಾವ್ಯದೊಳಗಿನ ಇಂತಹ ಮಾತನ್ನು ಚರಿತ್ರಕಾರರು ಒಡನೆಯೇ ಒಪ್ಪುವುದಿಲ್ಲ. ಇಲ್ಲಿ ಮಾತ್ರ ಬಂಡೆಗಲ್ಲು ಕಾವ್ಯದ ಮಾತಿಗೆ ಸಾಕ್ಷಿ ನುಡಿಯುತ್ತದೆ. ಪ್ರಾಚೀನ ಭಾರತದ ಕವಿಗಳಲ್ಲಿ ಈ ಭಾಗ್ಯ ದೊರೆತವರು ಬಹಳ ಮಂದಿ ಇಲ್ಲ.

ಆದರೆ ಆ ಧರ್ಮಪುರ ಎಲ್ಲಿದೆ? ಗೋದಾವರಿಯ ದಡದಲ್ಲಿ, ಈಗಿನ ಜಗಿತ್ಯಾಲ ಜಿಲ್ಲೆಯಲ್ಲಿ, ಧರ್ಮಪುರಿ ಎಂಬ ಪ್ರಸಿದ್ಧ ನರಸಿಂಹ ಕ್ಷೇತ್ರವಿದೆ. ಹೆಸರಿನ ಹೋಲಿಕೆಯಿಂದ ಅದನ್ನೇ ಪಂಪನ ಅಗ್ರಹಾರವೆಂದು ಹೇಳುವ ಆಸೆ ಹುಟ್ಟುತ್ತದೆ. ಶಾಸನದ ದಿಕ್ಕುಗಳು ಇದಕ್ಕೆ ಎಡೆಗೊಡುವುದಿಲ್ಲ. ಸಬ್ಬಿನಾಡಿನ ನಡುವಿನ ಧರ್ಮವುರದ ಉತ್ತರಕ್ಕೆ ವೃಷಭಗಿರಿ ಇದೆಯೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂದಮೇಲೆ ಧರ್ಮವುರವು ಗುಡ್ಡದ ದಕ್ಷಿಣಕ್ಕೆ ಇರಬೇಕು. ಗೋದಾವರಿಯ ಧರ್ಮಪುರಿಯಾದರೋ ಗುಡ್ಡದ ಉತ್ತರಕ್ಕೆ ಹಲವು ಮೈಲಿಗಳ ಆಚೆಗಿದೆ. ಸ್ಥಳವನ್ನು ಕಣ್ಣಾರೆ ಕಾಣದೆ ಪುಸ್ತಕದಲ್ಲಷ್ಟೇ ಓದಿದವರಿಗೆ ಈ ತೊಡಕು ಹೊಳೆಯುವುದಿಲ್ಲ, ನಕ್ಷೆಯನ್ನು ಹಿಡಿದು ಗುಡ್ಡದ ಮೇಲೆ ನಿಂತವರಿಗೆ ಅದು ತಾನೇ ತಾನಾಗಿ ತಿಳಿಯುತ್ತದೆ.

ನಾಡಿನ ಹೆಸರಿನಲ್ಲಿಯೂ ವ್ಯತ್ಯಾಸವಿದೆ. ಕಾವ್ಯದಲ್ಲಿ ಬಚ್ಚೆ, ಶಾಸನದಲ್ಲಿ ಸಬ್ಬಿ. ಓಲೆಗರಿಗಳಲ್ಲಿ ಪ್ರತಿಯಿಂದ ಪ್ರತಿಗೆ ಇಳಿದುಬಂದ ಕಾವ್ಯಪಾಠದಲ್ಲಿ ದೂರದ ನಾಡೊಂದರ ಅಪರಿಚಿತ ಹೆಸರು ಲಿಪಿಕಾರರ ಕೈಯಲ್ಲಿ ಮಾರ್ಪಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಸಮಕಾಲೀನ ಕಲ್ಬರಹಕ್ಕೆ ಅಂತಹ ಅಪಾಯವಿಲ್ಲ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಶಾಸನಗಳನ್ನು ಏಕೆ ಓದಬೇಕೆಂಬುದಕ್ಕೆ ಈ ಒಂದು ಪದವೇ ಸಾಕಷ್ಟು ಉತ್ತರ ಕೊಡುತ್ತದೆ.

ಜಿನವಲ್ಲಭನು ಶಿಲ್ಪಗಳನ್ನು ಮಾಡಿಸಿದುದಲ್ಲದೆ ತ್ರಿಭುವನತಿಲಕವೆಂಬ ಬಸದಿಯನ್ನು ಕಟ್ಟಿಸಿದನು, ಮದನವಿಲಾಸವೆಂಬ ತೋಟವನ್ನು ಬೆಳೆಸಿದನು, ಕವಿತಾಗುಣಾರ್ಣವವೆಂಬ ಕೆರೆಯನ್ನು ಕಟ್ಟಿಸಿದನು. ಅರಿಕೇಸರಿಯ ಬಿರುದು ಗುಣಾರ್ಣವ, ಪಂಪನ ಬಿರುದು ಕವಿತಾಗುಣಾರ್ಣವ. ಅರಸನ ಬಿರುದನ್ನು ಒಳಗೊಂಡ ಕವಿಯ ಬಿರುದು ಹೀಗೆ ಹಳ್ಳಿಯ ಕೆರೆಯೊಂದಕ್ಕೆ ಹೆಸರಾಯಿತು. ಕವಿಯ ನೆನಪಿಗೆ ಕಂಬವನ್ನೋ ಮಂಟಪವನ್ನೋ ನಿಲ್ಲಿಸದೆ ಗದ್ದೆಗೆ ನೀರೂಡುವ ಕೆರೆಯನ್ನು ಕಟ್ಟಿಸಿದ ಜಿನವಲ್ಲಭನ ವಿವೇಕ ದೊಡ್ಡದು. ಬಸದಿ, ಕೆರೆ ಮತ್ತು ತೋಟ ಒಟ್ಟಾಗಿ ಬರುವುದು ಆ ಕಾಲದ ಜೈನ ನೆಲೆಗಳ ಸ್ವರೂಪವನ್ನೂ ತಿಳಿಸುತ್ತದೆ. ಪೂಜೆ, ಮುನಿಗಳ ಆಹಾರದಾನ ಮತ್ತು ಬೇಸಾಯ ಒಂದನ್ನೊಂದು ಅವಲಂಬಿಸಿದ್ದವು.

ಜಿನವಲ್ಲಭನನ್ನು ಪಂಪನ ತಮ್ಮನೆಂದು ಮಾತ್ರ ಕಾಣುವುದು ಅನ್ಯಾಯ. ವಾಚಕಾಭರಣನೆಂಬ ಬಿರುದು ಅವನಿಗಿತ್ತು, ಕಾವ್ಯವನ್ನು ವಾಚಿಸುವುದರಲ್ಲಿ ಅವನು ನಿಪುಣ. ತೆಲುಗಿನ ಪ್ರಾಚೀನ ಛಂದೋಗ್ರಂಥವಾದ ಕವಿಜನಾಶ್ರಯವನ್ನು ಬರೆದ ಮಲ್ಲಿಯ ರೇಚನನೂ ಜೈನನೇ. ಅವನು ಸ್ಮರಿಸುವ ವಾಚಕಾಭರಣನು ಈ ಜಿನವಲ್ಲಭನೇ ಎಂದು ಹಲವರು ತೆಲುಗು ವಿದ್ವಾಂಸರು ಭಾವಿಸಿದ್ದಾರೆ. ತೆಲುಗಿನ ಮಹಾಭಾರತವನ್ನು ಆರಂಭಿಸಿದ ನನ್ನಯನು ಹನ್ನೊಂದನೆಯ ಶತಮಾನದವನು. ಅವನಿಗೆ ಸುಮಾರು ನೂರು ವರ್ಷಗಳ ಹಿಂದೆಯೇ ಕುರ್ಕ್ಯಾಲದ ಬಂಡೆಯ ಮೇಲೆ ತೆಲುಗು ಕಂದಗಳು ಮೂಡಿದ್ದವು. ತೆಲುಗಿನ ಅತ್ಯಂತ ಹಳೆಯ ಕಂದಪದ್ಯಗಳ ಸಾಲಿಗೆ ಸೇರುವ ಇವು ಆ ಭಾಷೆಗೆ ಶಾಸ್ತ್ರೀಯ ಸ್ಥಾನ ಕೇಳುವಾಗ ಪ್ರಾಚೀನತೆಯ ಆಧಾರಗಳಲ್ಲಿ ಒಂದಾಗಿ ಬಳಕೆಯಾದವು. ಕನ್ನಡ ಮತ್ತು ತೆಲುಗು ಎರಡಕ್ಕೂ 2008ರಲ್ಲಿ ಆ ಮನ್ನಣೆ ದೊರೆಯಿತು. ಕನ್ನಡದ ಆದಿಕವಿಯ ಜೀವನಕ್ಕೆ ಮುಖ್ಯ ಆಧಾರವೂ ತೆಲುಗು ಪದ್ಯದ ಹಳಮೆಗೆ ಆಧಾರವೂ ಒಂದೇ ಬಂಡೆ. ಪಂಪ ಕನ್ನಡಿಗನೋ ತೆಲುಗನೋ ಎಂಬ ವಾದಕ್ಕೆ ಇಳಿಯುವವರು ಈ ಶಾಸನವನ್ನು ಪೂರ್ತಿಯಾಗಿ ಓದಬೇಕು. ವೆಂಗಿನಾಡಿನ ತಂದೆ, ಬೆಳ್ವೊಲದ ತಾಯಿ, ಸಬ್ಬಿನಾಡಿನ ಅಗ್ರಹಾರ, ಮೂರು ಭಾಷೆಗಳ ಬರಹ ಇವುಗಳೆಲ್ಲವನ್ನೂ ಆ ಮನೆತನ ಯಾವ ಮುಜುಗರವೂ ಇಲ್ಲದೆ ತನ್ನದೆಂದು ಬರೆಸಿಕೊಂಡಿತು.

ಇಷ್ಟು ಬೆಲೆಯುಳ್ಳ ಬಂಡೆ ಇರುವುದು ಕಲ್ಲಿನ ವ್ಯಾಪಾರಕ್ಕೆ ಹೆಸರಾದ ಸೀಮೆಯಲ್ಲಿ. ಕರೀಂನಗರದ ಸುತ್ತಲಿನ ಗುಡ್ಡಗಳಿಂದ ತೆಗೆದ ಗ್ರಾನೈಟ್ ದೂರದೇಶಗಳಿಗೂ ಹೋಗುತ್ತದೆ. ದಾರಿಯ ಇಕ್ಕೆಲಗಳಲ್ಲಿ ಅರ್ಧ ಕತ್ತರಿಸಿದ ಗುಡ್ಡಗಳನ್ನು ಯಾತ್ರಿಕರು ಕಾಣಬಹುದು. ಬೊಮ್ಮಲಗುಟ್ಟಕ್ಕೂ ಗಣಿಗಾರಿಕೆಯ ಭೀತಿ ತಟ್ಟಿ, ಇತಿಹಾಸಾಸಕ್ತರು ದನಿಯೆತ್ತಬೇಕಾಗಿ ಬಂದಿತ್ತು. ಬಂಡೆಯ ಒಂದು ಮುಖವನ್ನು ಉಳಿಸಿ ಉಳಿದ ಗುಡ್ಡವನ್ನು ಒಡೆದರೆ ಶಾಸನ ಉಳಿದಂತೆ ಆಗುವುದಿಲ್ಲ. ಸಿಡಿಮದ್ದಿನ ಅದುರಿಗೆ ಬಿರುಕು ಬಿಡುವ ಕಲ್ಲು ಬರಹವನ್ನು ಪದರ ಪದರವಾಗಿ ಕಳೆದುಕೊಳ್ಳುತ್ತದೆ. ಅದಲ್ಲದೆ ಶಾಸನವು ದಿಕ್ಕುಗಳನ್ನು ಹೇಳಿರುವುದು ಇಡೀ ಗಿರಿಯನ್ನು ಗುರುತಾಗಿ ಇಟ್ಟುಕೊಂಡು. ಗಿರಿಯೇ ಇಲ್ಲವಾದರೆ ಧರ್ಮಪುರವನ್ನು ಹುಡುಕುವ ದಾರಿಯೂ ಮುಚ್ಚುತ್ತದೆ. ಗುಡ್ಡವನ್ನು ಪೂರ್ತಿಯಾಗಿ ಸಂರಕ್ಷಿತ ಪ್ರದೇಶವಾಗಿ ಕಾಯುವುದೊಂದೇ ಸರಿಯಾದ ಕ್ರಮ. ಅದಕ್ಕಾಗಿ ತೆಲುಗರು ಮಾತ್ರ ಕೇಳಿದರೆ ಸಾಲದು, ಕರ್ನಾಟಕದ ವಿಶ್ವವಿದ್ಯಾಲಯಗಳೂ ಸಾಹಿತ್ಯ ಸಂಸ್ಥೆಗಳೂ ಜೈನ ಸಮಾಜವೂ ದನಿಗೂಡಿಸಬೇಕು.

ಇಲ್ಲಿಗೆ ಹೋಗುವ ವಿದ್ಯಾರ್ಥಿಗಳು ವಿಕ್ರಮಾರ್ಜುನ ವಿಜಯದ ಮೊದಲ ಮತ್ತು ಕೊನೆಯ ಆಶ್ವಾಸಗಳನ್ನು ಓದಿಕೊಂಡು, ಶಾಸನದ ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ಬೆಳಕು ಓರೆಯಾಗಿ ಬೀಳುವ ಬೆಳಗಿನ ಅಥವಾ ಸಂಜೆಯ ಹೊತ್ತಿನಲ್ಲಿ ಕಲ್ಲಿನ ಅಕ್ಷರಗಳು ಹೆಚ್ಚು ಸ್ಪಷ್ಟವಾಗಿ ತೋರುತ್ತವೆ. ಅಕ್ಷರ ಕಾಣಿಸಲೆಂದು ಸೀಮೆಸುಣ್ಣವನ್ನೋ ಬಣ್ಣವನ್ನೋ ಬಳಿಯುವ ಅಭ್ಯಾಸ ಶಾಸನಗಳಿಗೆ ಹಾನಿಕರ. ಮೊದಲ ದಿನ ವೇಮುಲವಾಡ, ಮರುದಿನ ಗಂಗಾಧರ ಮತ್ತು ಬೊಮ್ಮಲಗುಟ್ಟ ಎಂಬ ಕ್ರಮವಿಟ್ಟುಕೊಂಡರೆ ಅರಸನ ರಾಜಧಾನಿಯಿಂದ ಕವಿಯ ಅಗ್ರಹಾರದ ಕಡೆಗೆ ಸಾಗಿದಂತಾಗುತ್ತದೆ. ಬಿಡುವಿದ್ದವರು ಬೋಧನ್ ಅನ್ನೂ ಸೇರಿಸಿಕೊಳ್ಳಬಹುದು.

ಆಗಬೇಕಾದ ಕೆಲಸ ಇನ್ನೂ ಇದೆ. ವೃಷಭಗಿರಿಯ ದಕ್ಷಿಣಕ್ಕಿರುವ ಹಳ್ಳಿಗಳ ಹೊಲಗಳ ಹೆಸರು, ಹಾಳುಗುಡಿ, ಒಡೆದ ಜಿನಬಿಂಬ ಮತ್ತು ಹಳೆಯ ಕೆರೆಯ ಏರಿಗಳನ್ನು ಊರೂರಿಗೆ ಹೋಗಿ ದಾಖಲಿಸಬೇಕು. ಕನ್ನಡ ಮತ್ತು ತೆಲುಗು ಎರಡನ್ನೂ ಬಲ್ಲ ಇಬ್ಬರು ಮೂವರು ಸಂಶೋಧಕರು ಒಂದು ಬೇಸಿಗೆಯನ್ನು ಇದಕ್ಕೆ ಮೀಸಲಿಟ್ಟರೂ ಧರ್ಮಪುರದ ನೆಲೆಯ ಬಗೆಗೆ ಈಗಿನದಕ್ಕಿಂತ ಖಚಿತವಾಗಿ ಮಾತನಾಡುವುದು ಸಾಧ್ಯವಾದೀತು. ಕವಿತಾಗುಣಾರ್ಣವವು ಬೇರೊಂದು ಹೆಸರಿನಲ್ಲಿ ಇಂದಿಗೂ ಯಾವುದೋ ಹಳ್ಳಿಯ ಗದ್ದೆಗಳಿಗೆ ನೀರು ಹರಿಸುತ್ತಿರಬಹುದು.